ಕ್ಯಾಮೆರಾ ಬಿಚ್ಚುವ ಮುನ್ನ



ಮಳೆಗಾಲ ಮುಗಿದ ಮೇಲೆ ಟ್ರಂಕಿನ ಸಾಮಾನು ತೆಗೆದು ಬಿಸಿಲಿಗೆ ಹಾಕುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹಾಗೆ ತೆಗೆದಾಗ ಅಜ್ಜಿಯ ಸೀರೆಗಳ ಕೆಳಗಿನಿಂದ, ಹರಿದ ಜಪಮಾಲೆ ಮತ್ತು ಮಡಿಕೆ ಬಿದ್ದ ಜ್ಞಾನಸ್ನಾನದ ಸರ್ಟಿಫಿಕೇಟುಗಳ ಜೊತೆ, ಎಷ್ಟೋ ಸಲ ಒಂದು ಹಳೆಯ ಕ್ಯಾಮೆರಾ ಹೊರಬರುತ್ತದೆ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಅದರ ಬೆನ್ನಿನ ಬಾಗಿಲು ತೆರೆದು ಒಳಗೆ ಏನಿದೆ ಎಂದು ಇಣುಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಫಿಲ್ಮ್ ಇದ್ದರೆ, ನಲವತ್ತು ವರ್ಷ ಕತ್ತಲಲ್ಲಿ ಉಳಿದದ್ದು ಒಂದು ಕ್ಷಣದ ಬಿಸಿಲಿಗೆ ಹೋಗಿಬಿಡುತ್ತದೆ. ಇಷ್ಟನ್ನು ಹೇಳಿ ನಿಲ್ಲಿಸಬಹುದಿತ್ತು. ಆದರೆ ಈ ಹವ್ಯಾಸದಲ್ಲಿ ನಾವು ಕಲಿತದ್ದು, ಯಾರಿಂದ ಕಲಿತೆವು ಎನ್ನುವುದು, ಗಡಹಿಂಗ್ಲಜದ ಒಬ್ಬ ಅಜ್ಜಿಯ ಕ್ಯಾಮೆರಾದಲ್ಲಿ ಏನು ಸಿಕ್ಕಿತು ಎನ್ನುವುದು, ಇವನ್ನೂ ಹೇಳಬೇಕೆನಿಸಿದೆ.

ನಾವು ಐದು ಜನ. ಒಬ್ಬನು ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಾನೆ. ಇಬ್ಬರು ಇಚಲಕರಂಜಿಯ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಜಾಬರ್‌ಗಳು, ಅಂದರೆ ಮಗ್ಗ ಕೆಟ್ಟರೆ ಸರಿಮಾಡುವವರು. ಒಬ್ಬಳು ಗಡಹಿಂಗ್ಲಜದಲ್ಲಿ ವಿಜ್ಞಾನ ಕಲಿಸುತ್ತಾಳೆ. ಇನ್ನೊಬ್ಬನು ಇನ್ನೂ ಡಿಪ್ಲೊಮಾ ಓದುತ್ತಿದ್ದಾನೆ, ಆದರೆ ಕೈ ಎಲ್ಲರಿಗಿಂತ ಸ್ಥಿರ, ಹಾಗಾಗಿ ಸಣ್ಣ ಸ್ಕ್ರೂಗಳೆಲ್ಲ ಅವನ ಪಾಲು. ಪೂಜೆ ಮರಾಠಿಯಲ್ಲಿ ಕೇಳುತ್ತೇವೆ, ಮನೆಯಲ್ಲಿ ಜಪಮಾಲೆ ಕನ್ನಡದಲ್ಲಿ ಹೇಳುತ್ತೇವೆ, ಲೇಥ್ ಮುಂದೆ ಎರಡನ್ನೂ ಕಲಸಿ ಮಾತಾಡುತ್ತೇವೆ. ತಿಂಗಳಿಗೆ ಎರಡು ಭಾನುವಾರ, ಕೊಲ್ಹಾಪುರದಲ್ಲಿ ಒಬ್ಬರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸೇರುತ್ತೇವೆ. ಅಲ್ಲಿ ಒಂದು ಸಣ್ಣ ಲೇಥ್, ಒಂದು ವೈಸ್, ಬೇಡವಾದ ಒಂದು ಊಟದ ಮೇಜು ಇವೆ. ಮೇಜಿನ ಮೇಲೆ ಬಿಳಿ ಟವೆಲ್ ಹಾಸಿರುತ್ತದೆ, ಯಾಕೆಂದರೆ ಅರ್ಧ ಅಕ್ಕಿಕಾಳಿನಷ್ಟು ಸ್ಕ್ರೂ ಗಟ್ಟಿ ಮೇಜಿನ ಮೇಲೆ ಬಿದ್ದರೆ ಪುಟಿದು ಹೋಗುತ್ತದೆ, ಟವೆಲ್ ಮೇಲೆ ಬಿದ್ದರೆ ಅಲ್ಲೇ ಕೂರುತ್ತದೆ. ಮೊದಲ ಪಾಠ ಅದೇ. ಎರಡನೆಯದು, ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವುದು. ಹಳೆಯ ಕ್ಯಾಮೆರಾ ಉಳಿಸಲು ಹೊಸ ಕ್ಯಾಮೆರಾ ಬೇಕಾಗುತ್ತದೆ ಎಂದು ನಗುತ್ತೇವೆ.

ಈ ಮೂರೂ ಊರುಗಳು ನಮಗೆ ಬೇರೆಬೇರೆ ವಿದ್ಯೆ ಕೊಟ್ಟಿವೆ. ಲೆನ್ಸಿನ ಉಂಗುರ ಬಿಚ್ಚಲು ಎರಡು ಮೊನೆಯ ವಿಶೇಷ ಪಾನಾ ಬೇಕು. ಪೇಟೆಯಲ್ಲಿ ಸಿಗುವುದು ದುಬಾರಿ. ನಮ್ಮ ಲೇಥ್ ಗೆಳೆಯ ಮೂಲೆಗೆ ಬಿದ್ದಿದ್ದ ಹಳೆಯ ವರ್ನಿಯರ್ ಕ್ಯಾಲಿಪರಿನ ತುದಿಗಳನ್ನು ಗ್ರೈಂಡರಿಗೆ ಹಿಡಿದು ಒಂದು ಮಧ್ಯಾಹ್ನದಲ್ಲಿ ಅದನ್ನು ಮಾಡಿದ. ಎದುರಿಗೆ ಕಾಣುವ, ಹೆಸರು ಬರೆದ ಉಂಗುರಕ್ಕೆ ಎಷ್ಟೋ ಸಲ ಮೊನೆ ಸಿಕ್ಕಿಸಲು ತೂತೇ ಇರುವುದಿಲ್ಲ. ಅದಕ್ಕೆ ರಬ್ಬರಿನ ಬಿರಡೆ ಸಾಕು. ಲೆನ್ಸಿನ ಗಾಜಿಗೆ ತಾಗದಂತೆ ಬಿರಡೆಯ ನಡುವೆ ಕೊರೆದು, ಉಂಗುರದ ಮೇಲೆ ಒತ್ತಿ ತಿರುಗಿಸಿದರೆ ಬರುತ್ತದೆ. ಇನ್ನು ಜಪಾನಿನ ಕ್ಯಾಮೆರಾಗಳ ಪ್ಲಸ್ ಗುರುತಿನ ಸ್ಕ್ರೂ ನೋಡಲು ನಮ್ಮ ಮಾಮೂಲಿ ಫಿಲಿಪ್ಸ್ ಸ್ಕ್ರೂ ಹಾಗೇ ಕಾಣುತ್ತದೆ, ಆದರೆ ಅದು ಜೆಐಎಸ್ ಅಳತೆಯದು. ಫಿಲಿಪ್ಸ್ ಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತದೆ. ಜನ ಸ್ಕ್ರೂ ಕೆಟ್ಟಿದೆ ಅನ್ನುತ್ತಾರೆ, ಪಾಪ, ಅದರ ತಪ್ಪೇನೂ ಇಲ್ಲ.

ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಅಂದಿನಿಂದ ಆ ಊರಿನ ಜಾಬರುಗಳು ಕಿವಿಯಿಂದಲೇ ಯಂತ್ರ ಓದುತ್ತ ಬಂದಿದ್ದಾರೆ. ನೂರು ಮಗ್ಗಗಳ ಗದ್ದಲದಲ್ಲಿ ಒಂದರ ತಾಳ ತಪ್ಪಿದರೆ ನಮ್ಮ ಇಬ್ಬರು ಗೆಳೆಯರು ತಲೆ ಎತ್ತುತ್ತಾರೆ. ಶಟರ್ ವಿಷಯದಲ್ಲಿ ಇದು ಎಷ್ಟು ಉಪಯೋಗಕ್ಕೆ ಬಂತು ಎಂದರೆ ನಂಬಲಾರಿರಿ. ಒಂದು ಸೆಕೆಂಡಿನ ಶಟರ್ ಒತ್ತಿದಾಗ ಒಳಗಿನ ಪುಟ್ಟ ಹಲ್ಲುಚಕ್ರಗಳು ‘ಝರ್ರ್’ ಎಂದು ಸಮನಾಗಿ ಓಡಬೇಕು. ನಡುವೆ ತಡವರಿಸಿದರೆ ಹಳೆಯ ಗ್ರೀಸು ಗಟ್ಟಿಯಾಗಿದೆ ಎಂದರ್ಥ. ಅವರು ಕೇಳಿ ಹೇಳಿದ್ದನ್ನು ಮೊಬೈಲಿನಲ್ಲಿ ಶಬ್ದ ರೆಕಾರ್ಡ್ ಮಾಡಿ, ಶಟರ್ ತೆರೆದ ಸದ್ದಿಗೂ ಮುಚ್ಚಿದ ಸದ್ದಿಗೂ ನಡುವಿನ ಅಂತರ ಅಳೆದು ನೋಡಿದರೆ ಹೆಚ್ಚುಕಡಿಮೆ ಸರಿಯೇ ಇರುತ್ತದೆ. ನಿಧಾನದ ವೇಗಗಳಿಗೆ ಈ ಉಪಾಯ ಸಾಕು, ಸೆಕೆಂಡಿನ ಐನೂರನೆಯ ಒಂದು ಭಾಗದಂಥವಕ್ಕೆ ನಡೆಯದು. ಹಾಗೆ ತಡವರಿಸುವ ಶಟರಿಗೆ ಎಣ್ಣೆ ಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ಮದ್ದು. ಅದೇ ವಿಷ. ಎಣ್ಣೆ ಹರಿದು ತೆಳ್ಳನೆಯ ಅಲಗುಗಳ ಮಧ್ಯೆ ಹೋದರೆ ಅವು ಒದ್ದೆ ಕಾಗದದಂತೆ ಅಂಟಿಕೊಳ್ಳುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದಲೋ ಲೈಟರಿಗೆ ಹಾಕುವ ದ್ರವದಿಂದಲೋ ತೊಳೆದು, ಒಣಗಿಸಿ, ಅಲಗುಗಳನ್ನು ಒಣದಾಗಿಯೇ ಬಿಡಬೇಕು. ಎರಡೂ ಥಟ್ಟನೆ ಹೊತ್ತಿಕೊಳ್ಳುವ ದ್ರವಗಳು. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ.

ಬೆನ್ನಿನ ಬಾಗಿಲಿನ ಅಂಚಿಗೆ ಬೆಳಕು ಸೋರದಂತೆ ಹಾಕಿದ್ದ ಸ್ಪಂಜು ಹಳೆಯದಾದರೆ ಡಾಂಬರಿನಂತೆ ಜಿಗುಟಾಗುತ್ತದೆ. ಅದನ್ನು ಕೆರೆದು ತೆಗೆದು ಆ ಗಾಡಿಯಲ್ಲಿ ಕಪ್ಪು ದಾರ ಕೂರಿಸಬಹುದು. ನಮ್ಮವರು ಮಗ್ಗದ ಊರಿನವರಲ್ಲವೇ, ಹತ್ತಿಯ ನೂಲೇ ಆಗಬೇಕೆಂದು ಹಟ ಹಿಡಿದಿದ್ದರು. ಹತ್ತಿಯ ನೂಲು ಧೂಳಿನಂತೆ ಎಳೆ ಬಿಡುತ್ತದೆ, ಆ ಎಳೆ ಫಿಲ್ಮಿನ ಮೇಲೆ ಕೂತರೆ ಚಿತ್ರದಲ್ಲಿ ಹುಳದಂತೆ ಕಾಣುತ್ತದೆ. ಕೊನೆಗೆ ಸ್ವೆಟರ್ ಹೆಣೆಯುವ ದಾರವೇ ಗೆದ್ದಿತು.

ಚರ್ಮದ ಕೆಲಸಕ್ಕೆ ನಾವು ಚಪ್ಪಲಿ ಮಾಡುವವರ ಬಳಿ ಹೋದೆವು. ಕ್ಯಾಮೆರಾದ ಮೇಲಿನ ಚರ್ಮದ ಹೊದಿಕೆ ಕಾಗದದಷ್ಟು ತೆಳ್ಳಗಿರಬೇಕು, ಅಂಚು ಇನ್ನೂ ತೆಳ್ಳಗೆ. ಆ ಅಂಚನ್ನು ರಾಪಿಯಿಂದ ಕೆತ್ತುವ ಹದ ಕೊಲ್ಹಾಪುರಿ ಚಪ್ಪಲಿ ಮಾಡುವ ಕೈಗಳಲ್ಲಿದೆ. ಅಂದಹಾಗೆ 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಒಟ್ಟಾಗಿ ಸಿಕ್ಕಿತು. ನಕ್ಷೆಯ ಮೇಲೆ ಗಡಿ ಎಳೆಯಬಹುದು, ರಾಪಿ ಹಿಡಿಯುವ ರೀತಿಗೆ ಎಳೆಯಲಾಗದು. ಆ ಕುಶಲಕರ್ಮಿ ಅಜ್ಜ ನಮಗೆ ಕಲಿಸಲು ಒಂದು ರೂಪಾಯಿ ಕೇಳಲಿಲ್ಲ. ‘ಚರ್ಮ ಒದ್ದಿ ಮಾಡ್ರಿ, ಆಮ್ಯಾಲ ಕೈ ಹಗುರ ಬಿಡ್ರಿ’ ಎಂದಷ್ಟೇ ಹೇಳಿ, ನಮ್ಮ ಮುಂದೆ ಮೂರು ಸಲ ಮಾಡಿ ತೋರಿಸಿದರು.

ಗಡಹಿಂಗ್ಲಜದ ಟೀಚರ್ ತಂದ ವಿದ್ಯೆ ಬ್ಯಾಟರಿಯದು. 1960-70ರ ದಶಕದ ಹಲವು ಕ್ಯಾಮೆರಾಗಳ ಬೆಳಕಿನ ಮೀಟರಿಗೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕು. ಪಾದರಸ ವಿಷವಾದ್ದರಿಂದ ಅವು ಈಗ ತಯಾರಾಗುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ. ಅಜ್ಜ ಅಜ್ಜಿಯರು ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್-ಏರ್ ಬ್ಯಾಟರಿ ಸುಮಾರು 1.4 ವೋಲ್ಟ್ ಕೊಡುತ್ತದೆ, ಅಳತೆಯಲ್ಲೂ ಹತ್ತಿರ. ಸುತ್ತ ಒಂದು ರಬ್ಬರ್ ಉಂಗುರ ಹಾಕಿದರೆ ಕೂರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ನಮ್ಮನ್ನು ನೋಡಿ ‘ಇಷ್ಟು ಸಣ್ಣ ವಯಸ್ಸಿಗೇ?’ ಎಂದು ಮರುಗಿದವರೂ ಇದ್ದಾರೆ.

ಚಿಕ್ಕವರಿಗೆ ಒಂದೇ ಒಂದು ಕಟ್ಟುನಿಟ್ಟಿನ ಮಾತು: ಫ್ಲಾಶ್ ಇರುವ ಕ್ಯಾಮೆರಾವನ್ನು, ಬ್ಯಾಟರಿ ತೆಗೆದಿದ್ದರೂ, ಒಬ್ಬರೇ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು.

ಹೀಗೆ ತಗಡಿನ ಶೆಡ್ಡಿನಲ್ಲಿ ಕೂತು ಕ್ಯಾಮೆರಾ ಬಿಚ್ಚುವುದು ಕೊಲ್ಹಾಪುರಕ್ಕೆ ಹೊಸದೇನಲ್ಲ. ಈ ಊರಿನ ಸಿನಿಮಾ ಶುರುವಾದದ್ದೇ ಹಾಗೆ. ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ, ಜನ ಕರೆಯುತ್ತಿದ್ದುದು ಬಾಬುರಾವ್ ಪೇಂಟರ್ ಎಂದು, 1890ರಲ್ಲಿ ಇಲ್ಲಿ ಹುಟ್ಟಿದವರು. ಅವರೂ ಅವರ ಸೋದರಸಂಬಂಧಿ ಆನಂದರಾವ್ ಪೇಂಟರೂ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. 1913ರಲ್ಲಿ ಬಂದ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ನೋಡಿದ ಮೇಲೆ ಸಿನಿಮಾದ ಹುಚ್ಚು ಹಿಡಿಯಿತು. ಮುಂಬಯಿಯ ಹಳೆ ಸಾಮಾನಿನ ಬಜಾರಿನಿಂದ ಒಂದು ಪ್ರೊಜೆಕ್ಟರ್ ತಂದರು. ಚಿತ್ರ ತೋರಿಸಿದರು, ತೋರಿಸುತ್ತಲೇ ಅದರ ಒಳಗನ್ನು ಕಲಿತರು.

ಪ್ರೊಜೆಕ್ಟರ್ ನೋಡಿ ಕ್ಯಾಮೆರಾ ಮಾಡಲಾದೀತೇ ಎಂದು ನಮ್ಮ ಡಿಪ್ಲೊಮಾ ಹುಡುಗ ಕೇಳಿದ್ದ. ಆಗುತ್ತದೆ, ಅವೆರಡೂ ಅಣ್ಣತಮ್ಮಂದಿರು. ಪ್ರೊಜೆಕ್ಟರಿನಲ್ಲಿ ಬೆಳಕು ಒಳಗಿನಿಂದ ಹೊರಗೆ ಹೋಗುತ್ತದೆ, ಕ್ಯಾಮೆರಾದಲ್ಲಿ ಹೊರಗಿನಿಂದ ಒಳಗೆ ಬರುತ್ತದೆ. ಫ್ರಾನ್ಸಿನ ಲುಮಿಯೇರ್ ಸಹೋದರರು 1895ರಲ್ಲಿ ತೋರಿಸಿದ ಪೆಟ್ಟಿಗೆ ಎರಡೂ ಕೆಲಸವನ್ನು ಒಂದೇ ಮೈಯಲ್ಲಿ ಮಾಡುತ್ತಿತ್ತು. ಎರಡರಲ್ಲೂ ಕಷ್ಟದ ಭಾಗ ಒಂದೇ: ಫಿಲ್ಮ್ ಓಡುತ್ತಿರಬಾರದು, ನಿಲ್ಲುತ್ತ ಓಡಬೇಕು. ಒಂದು ಪುಟ್ಟ ಉಗುರು ಫಿಲ್ಮಿನ ಅಂಚಿನ ತೂತಿಗೆ ಸಿಕ್ಕಿ ನಾಲ್ಕು ತೂತಿನಷ್ಟು ಕೆಳಗೆ ಎಳೆಯುತ್ತದೆ, ಬಿಡುತ್ತದೆ. ಫಿಲ್ಮ್ ನಿಂತಿರುವಾಗ ಮಾತ್ರ ಶಟರ್ ತೆರೆಯುತ್ತದೆ. ಮೂಕಿ ಚಿತ್ರದ ಕಾಲದಲ್ಲಿ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಎಂಟು ಚಿತ್ರ, ಸೆಕೆಂಡಿಗೆ ಎರಡು ಸುತ್ತು, ಅಂದರೆ 16 ಚಿತ್ರ. ಆ ಉಗುರು ಪ್ರತಿ ಸಲವೂ ಅದೇ ಜಾಗದಲ್ಲಿ ಬಿಡದಿದ್ದರೆ ಪರದೆಯ ಮೇಲೆ ಇಡೀ ಅರಮನೆ ಕುಣಿಯುತ್ತದೆ. ಆ ನಿಖರತೆಯನ್ನು ಅರ ಹಿಡಿದು ತರಬೇಕೆಂದರೆ ಎಷ್ಟು ಸಂಜೆಗಳು ಬೇಕಾಗಿರಬಹುದು, ಲೇಥ್ ಹಿಡಿದವರಿಗೆ ಗೊತ್ತು.

ಆನಂದರಾವ್ ಈ ಕೆಲಸದ ಮಧ್ಯದಲ್ಲೇ 1916ರಲ್ಲಿ ತೀರಿಕೊಂಡರು. ಬಾಬುರಾವ್ ಬಿಡಲಿಲ್ಲ. ಶಿಷ್ಯ ವಿಷ್ಣುಪಂತ್ ದಾಮ್ಲೆಯವರನ್ನು ಜೊತೆಗಿಟ್ಟುಕೊಂಡು 1918ರ ಹೊತ್ತಿಗೆ ಕ್ಯಾಮೆರಾ ಮುಗಿಸಿದರು. ಮಹಾರಾಷ್ಟ್ರ ಫಿಲ್ಮ್ ಕಂಪನಿಗೆ ಹಣ ಕೊಟ್ಟವರು ತಾನಿಬಾಯಿ ಕಾಗಲಕರ್ ಎಂಬ ಗಾಯಕಿ. ಮೊದಲ ಚಿತ್ರ ‘ಸೈರಂಧ್ರಿ’ 1920ರಲ್ಲಿ ಪುಣೆಯಲ್ಲಿ ತೆರೆಕಂಡಿತು. ಅದರಲ್ಲಿ ಕೀಚಕವಧೆ ಎಷ್ಟು ನಿಜವೆಂಬಂತೆ ಬಂದಿತ್ತೆಂದರೆ ಸೆನ್ಸಾರಿನವರು ಆ ಭಾಗವನ್ನು ಕತ್ತರಿಸಿದರು.

ನಮಗೆ ಕ್ಯಾಮೆರಾಕ್ಕಿಂತ ದೊಡ್ಡದಾಗಿ ಕಾಣುವುದು ಆ ಮೇಲಿನ ಸಂಗತಿ. ಬಾಬುರಾವ್ ತಮಗೆ ತಿಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ದಾಮ್ಲೆ, ಶೇಖ್ ಫತ್ತೇಲಾಲ್, ಶಾಂತಾರಾಮ್ ಎಲ್ಲರೂ ಅವರ ಕೈಕೆಳಗೆ ಕೆಲಸ ಕಲಿತವರು. 1929ರಲ್ಲಿ ಅವರು ಹೊರಬಿದ್ದು ಕೊಲ್ಹಾಪುರದಲ್ಲೇ ಪ್ರಭಾತ್ ಕಂಪನಿ ಕಟ್ಟಿದರು. ಅದು ಆಮೇಲೆ ಪುಣೆಗೆ ಹೋಯಿತು. ದಾಮ್ಲೆ ಮತ್ತು ಫತ್ತೇಲಾಲ್ ಒಟ್ಟಿಗೆ ನಿರ್ದೇಶಿಸಿದ ‘ಸಂತ ತುಕಾರಾಮ್’ ಚಿತ್ರ ವೆನಿಸ್ ಚಿತ್ರೋತ್ಸವದಲ್ಲಿ ಗೌರವ ಪಡೆಯಿತು. ಕಲಿತ ಶಿಷ್ಯರು ಬಿಟ್ಟುಹೋದಾಗ ಗುರುವಿಗೆ ನೋವಾಗಿರಲೇಬೇಕು. ಆದರೂ ವಿದ್ಯೆ ಊರಲ್ಲಿ ಉಳಿದದ್ದು ಹಾಗೆ ಹಂಚಿಹೋದದ್ದರಿಂದ. ನಾವು ಕನ್ನಡದವರಿಗೂ ಅದರಲ್ಲಿ ಪಾಲು ಬಂತು: ತೆರೆಕಂಡ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’ ಚಿತ್ರೀಕರಣವಾದದ್ದು ಇದೇ ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಕನ್ನಡದಲ್ಲಿ ಮಾತಾಡಿ ಅದು ಫಿಲ್ಮಿನ ಮೇಲೆ ಅಚ್ಚಾದದ್ದು ಮರಾಠಿ ಊರಿನಲ್ಲಿ ಎಂದು ನೆನೆದರೆ ನಮ್ಮ ಕಲಸುಮೇಲೋಗರ ಭಾಷೆಯ ಬಗ್ಗೆ ನಾಚಿಕೆ ಪಡಬೇಕಿಲ್ಲ ಅನಿಸುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನಾವು ಕಂಡಿದ್ದೇವೆ. ಈ ಸೀಮೆಯಲ್ಲೇ ಒಂದು ಊರಿನಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಅಂಗಡಿ ಇತ್ತು. ಊರಿನ ಹೆಸರು ಬೇಡ. ಅಲ್ಲಿನ ಯಜಮಾನರ ಕೈ ಚಿನ್ನದ ಕೈ. ಶಟರಿಗೆ ಯಾವ ಎಣ್ಣೆ, ಎಲ್ಲಿ, ಎಷ್ಟು ಎಂದು ಕೇಳಿದರೆ ನಗುತ್ತಿದ್ದರು. ಗಿರಾಕಿ ಬಂದರೆ ಪರದೆ ಎಳೆದು ಕೆಲಸ ಮಾಡುತ್ತಿದ್ದರು. ಹೊಟ್ಟೆಪಾಡು, ತಪ್ಪು ಹೇಳಲಾರೆವು. ಡಿಜಿಟಲ್ ಬಂದ ಮೇಲೆ ಗಿರಾಕಿಗಳು ಹೋದರು, ಆಮೇಲೆ ಅವರೂ ಹೋದರು. ಅವರ ಡಬ್ಬಿಗಳನ್ನು ಮನೆಯವರು ಗುಜರಿಗೆ ಹಾಕುವ ಮುಂಚೆ ನಮಗೆ ತೋರಿಸಿದರು. ನೂರಾರು ಸ್ಪ್ರಿಂಗುಗಳು, ಪುಟ್ಟಪುಟ್ಟ ಬಾಟಲಿಗಳು, ಒಂದರ ಮೇಲೂ ಚೀಟಿ ಇಲ್ಲ. ಯಾವ ಸ್ಪ್ರಿಂಗು ಯಾವ ಕ್ಯಾಮೆರಾದ್ದು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ಅವನ್ನು ನಾವು ತಂದು ಇಟ್ಟಿದ್ದೇವೆ, ಎಸೆಯಲು ಮನಸ್ಸಾಗಿಲ್ಲ.

ಆ ದಿನ ಮರಳಿ ಬರುವಾಗ ಬಸ್ಸಿನಲ್ಲಿ ನಮ್ಮ ಟೀಚರ್ ಬೆಚಲೇಲನ ನೆನಪು ಮಾಡಿದಳು. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರ ಕಟ್ಟಲು ದೇವರು ಯೆಹೂದ ಕುಲದ ಬೆಚಲೇಲನನ್ನು ಹೆಸರಿಟ್ಟು ಕರೆದದ್ದು ನಮಗೆ ಗೊತ್ತು. ಚಿನ್ನ, ಬೆಳ್ಳಿ, ಕಂಚು, ಮರ ಎಲ್ಲದರ ಕೆಲಸ ಬಲ್ಲವನು. ಅವನ ಕೈಚಳಕವೂ ದೇವರಾತ್ಮನ ವರ ಎಂದು ಅಲ್ಲಿ ಹೇಳಿದೆ. ಅವನ ಸಂಗಡ ದಾನ್ ಕುಲದ ಒಹೊಲೀಯಾಬ. ಆದರೆ 35ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ನಾವು ಓದುವಾಗ ಜಾರಿಬಿಡುವಂಥದ್ದು: ಮಾಡುವ ಕೌಶಲದ ಜೊತೆಗೆ ಬೇರೆಯವರಿಗೆ ಕಲಿಸುವ ಮನಸ್ಸನ್ನೂ ದೇವರು ಅವರಿಬ್ಬರಿಗೆ ಕೊಟ್ಟನಂತೆ. ಅದೂ ಬೇರೆಯೇ ಒಂದು ವರ. ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಒಂದು ನೋಟುಬುಕ್ ಇದೆ. ಯಾವ ಕ್ಯಾಮೆರಾ, ಯಾವ ಸ್ಕ್ರೂ ಎಡಕ್ಕೆ ತಿರುಗುತ್ತದೆ, ಯಾವ ಬಾಟಲಿಯಲ್ಲಿ ಏನು, ಎಲ್ಲ ಬರೆಯುತ್ತೇವೆ. ಅಕ್ಷರ ಕೆಟ್ಟದಾಗಿದ್ದರೂ ಪರವಾಗಿಲ್ಲ. ಚೀಟಿ ಇಲ್ಲದ ಡಬ್ಬಿ ನಮ್ಮಲ್ಲಿ ಇರಕೂಡದು.

ನಮ್ಮ ಸೀಮೆಯ ಶತ್ರು ಬೂಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಡಹಿಂಗ್ಲಜದ ಕಡೆ ಗೋಡೆಯೇ ಬೆವರುತ್ತದೆ. ಮುಚ್ಚಿದ ಚರ್ಮದ ಕೇಸಿನೊಳಗೆ ಇಟ್ಟ ಲೆನ್ಸಿನಲ್ಲಿ ಜೇಡರ ಬಲೆಯಂಥ ಎಳೆಗಳು ಬೆಳೆಯುತ್ತವೆ, ಬಿಟ್ಟರೆ ಗಾಜಿನ ಲೇಪವನ್ನೇ ಕೆಡಿಸುತ್ತವೆ. ಚರ್ಮದ ಕೇಸು ನೋಡಲು ಚೆಂದ, ಆದರೆ ಅದು ತೇವ ಕುಡಿದು ಕ್ಯಾಮೆರಾಕ್ಕೇ ಉಣಿಸುತ್ತದೆ. ಕ್ಯಾಮೆರಾವನ್ನು ಹೊರತೆಗೆದು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಎಂದರ್ಥ, ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಅವ್ವನ ರೊಟ್ಟಿಯ ತವೆಯ ಮೇಲೆ ಅದನ್ನು ಹುರಿಯಬೇಡಿ.

ಈಗ ಗಡಹಿಂಗ್ಲಜದ ಅಜ್ಜಿಯ ವಿಷಯ. ಅವರ ಕ್ಯಾಮೆರಾ ಆಗ್ಫಾ ಕ್ಲಿಕ್, ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನಲ್ಲಿ ತಯಾರಾಗುತ್ತಿದ್ದಂಥದ್ದು. ಒಂದು ಕಾಲಕ್ಕೆ ನಮ್ಮ ಮಧ್ಯಮ ವರ್ಗದ ಮನೆಗಳ ಕ್ಯಾಮೆರಾ ಅಂದರೆ ಅದೇ. 120 ಅಳತೆಯ ರೋಲಿನಲ್ಲಿ ಹನ್ನೆರಡು ಚೌಕದ ಚಿತ್ರಗಳು. ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಕಿಟಕಿ, ಅದರಲ್ಲಿ ಎಷ್ಟನೆಯ ಚಿತ್ರ ಎಂಬ ಅಂಕಿ ಕಾಣುತ್ತದೆ. ಅಜ್ಜಿಯ ಕ್ಯಾಮೆರಾದಲ್ಲಿ 9 ಎಂದು ಕಾಣುತ್ತಿತ್ತು. ಅಂದರೆ ಎಂಟು ತೆಗೆದಿದ್ದಾರೆ, ನಾಲ್ಕು ಉಳಿದಿವೆ. ತೆಗೆದವರು ಅಜ್ಜಿಯ ಯಜಮಾನರು. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಮನೆಯಲ್ಲಿ ಅವರ ಮುಖದ ಫೋಟೋ ಎಂದರೆ ಕೆಲಸದ ಗುರುತಿನ ಚೀಟಿಯದು ಮಾತ್ರ, ಅದೂ ಮೇಲೆ ಸೀಲು ಬಿದ್ದದ್ದು. ಅಜ್ಜಿಗೆ ಆಸೆ ಏನೆಂದು ಕೇಳಬೇಕಾಗಿರಲಿಲ್ಲ.

ಕ್ಯಾಮೆರಾ ಕೈಗೆ ತೆಗೆದುಕೊಳ್ಳುವ ಮೊದಲು ಅಂಗಳದಲ್ಲಿ ನಿಂತು ನಾವು ಐವರೂ ಸಣ್ಣ ದನಿಯಲ್ಲಿ ವಾದ ಮಾಡಿದೆವು. ಏನೂ ಬರದೆ ಹೋಗಬಹುದು ಎಂದು ಹೇಳುವುದು ಸುಲಭ, ಅದನ್ನು ಎಲ್ಲರೂ ಹೇಳುತ್ತಾರೆ. ಕಷ್ಟದ ಮಾತು ಬೇರೆ ಇತ್ತು. ಚಿತ್ರ ಬಂದರೂ ಅದರಲ್ಲಿ ಅವರು ಇರುವುದಿಲ್ಲ, ಯಾಕೆಂದರೆ ಕ್ಯಾಮೆರಾ ಹಿಡಿದವರು ಅವರೇ. ಇದನ್ನು ಈಗಲೇ ಹೇಳಿ ಆಸೆ ಕಿತ್ತುಕೊಳ್ಳಬೇಕೇ ಎಂದು ಇಬ್ಬರು, ಹೇಳದೆ ಇದ್ದರೆ ಅದು ಮೋಸ ಎಂದು ಮೂವರು. ಟೀಚರ್ ಹೋಗಿ ಅಜ್ಜಿಯ ಪಕ್ಕ ಕೂತು ಹೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಂದ್ರ ಅವರು ಏನ್ ನೋಡ್ಯಾರ ಅನ್ನೋದರ ಕಾಣತೈತಲ್ಲ’ ಎಂದರು. ಕ್ಯಾಮೆರಾ ಕೊಟ್ಟರು.

ಬಿಚ್ಚದೆಯೇ ಉಳಿದ ಫಿಲ್ಮನ್ನು ಕೊನೆಯವರೆಗೆ ಸುತ್ತಿದೆವು. ಗಡಿಬಿಡಿ ಮಾಡಿದರೆ ಒಣಗಿದ ಕಾಗದ ಹರಿಯುತ್ತದೆ, ಆದ್ದರಿಂದ ಬೆರಳಿಗೆ ಬಿಗಿ ತಿಳಿಯುತ್ತ, ತೀರಾ ನಿಧಾನಕ್ಕೆ. ಆಮೇಲೆ ಬೆಳಕು ಹೋಗದ ಕಪ್ಪು ಚೀಲದೊಳಗೆ ಕೈ ಹಾಕಿ ರೋಲು ತೆಗೆದು ತುದಿ ಅಂಟಿಸಿ ಹೊರಗೆ ತಂದೆವು. ಕಾಗದದ ಮೇಲಿನ ಹೆಸರು ‘ಇಂದು’, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಕಪ್ಪು-ಬಿಳುಪು ರೋಲು. ಇದು ನಮ್ಮ ಪುಣ್ಯ. ಹಳೆಯ ಕಲರ್ ಫಿಲ್ಮಿನ ಬಣ್ಣ ಇಷ್ಟು ವರ್ಷ ನಿಲ್ಲುವುದು ಕಷ್ಟ, ಅದನ್ನೂ ಕಪ್ಪು-ಬಿಳುಪಿನಂತೆಯೇ ತೊಳೆದು ಸಿಕ್ಕಷ್ಟು ತೆಗೆದುಕೊಳ್ಳಬೇಕಾಗುತ್ತದೆ.

ಹಳೆಯ ಫಿಲ್ಮಿನ ತೊಂದರೆ ಮಂಜು. ಬೆಳಕು ಬೀಳದ ಜಾಗವೂ ವರ್ಷಗಳ ಶಾಖಕ್ಕೆ ತಾನೇ ಕಪ್ಪಾಗಿರುತ್ತದೆ. ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಚಿತ್ರವೂ ಏರುತ್ತದೆ, ಮಂಜೂ ಏರುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ವಿದ್ಯೆ. ಇಲ್ಲಿ ಆ ನಾಲ್ಕು ಖಾಲಿ ಚಿತ್ರಗಳು ಸಹಾಯಕ್ಕೆ ಬಂದವು. ಸುತ್ತಿ ಮುಗಿದ 120 ರೋಲಿನಲ್ಲಿ ಕೊನೆಯ ತುದಿ ಹೊರಗಿರುತ್ತದೆ. ಕತ್ತಲಲ್ಲಿ ಆ ಖಾಲಿ ತುದಿಯಿಂದ ಮೂರು ತುಂಡು ಕತ್ತರಿಸಿ, ಬೇರೆಬೇರೆ ನಿಮಿಷ ತೊಳೆದು ಮಂಜು ಎಷ್ಟು ಎಂದು ನೋಡಿದೆವು. ಅಜ್ಜಿಯ ಚಿತ್ರಗಳಿಗೆ ಕತ್ತರಿ ತಾಗಲಿಲ್ಲ. ಎಚ್‌ಸಿ-110 ಎಂಬ ಡೆವಲಪರನ್ನು ಒಂದಕ್ಕೆ 31 ಪಾಲು ನೀರು ಬೆರೆಸಿ, ಐಸ್ ಇಟ್ಟ ಬೋಗುಣಿಯಲ್ಲಿ 20 ಡಿಗ್ರಿಗೆ ತಂದು ಬಳಸಿದೆವು. ಆರು ನಿಮಿಷದ ತುಂಡಿನಲ್ಲಿ ಮಂಜು ತಡೆದುಕೊಳ್ಳುವಷ್ಟಿತ್ತು. ರೋಲಿಗೂ ಆರೇ ನಿಮಿಷ ಎಂದು ತೀರ್ಮಾನಿಸಿದೆವು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಯಾರೂ ಹೇಳದೆ ಎಲ್ಲರೂ ಶಿಲುಬೆ ಗುರುತು ಹಾಕಿಕೊಂಡೆವು. (ಬಳಸಿದ ಫಿಕ್ಸರನ್ನು ಚರಂಡಿಗೆ ಸುರಿಯಲಿಲ್ಲ, ಅದರಲ್ಲಿ ಫಿಲ್ಮಿನ ಬೆಳ್ಳಿ ಕರಗಿರುತ್ತದೆ. ಬೆಳ್ಳಿಯ ಊರು ಹುಪರಿ ಇಲ್ಲೇ ಪಕ್ಕದಲ್ಲಿರುವಾಗ ಬೆಳ್ಳಿ ಚರಂಡಿಗೆ ಚೆಲ್ಲಿದರೆ ಜನ ನಕ್ಕಾರು.)

ಎಂಟರಲ್ಲಿ ಐದು ಬಂದವು. ಬಿಳಿ ಫ್ರಾಕು ಹಾಕಿದ ಒಂದು ಹುಡುಗಿ, ಕೈಯಲ್ಲಿ ಮೇಣದಬತ್ತಿ, ಮೊದಲ ಪರಮಪ್ರಸಾದದ ದಿನ. ಬೇವಿನ ಮರದ ಕೆಳಗೆ ಜೋಡೆತ್ತು. ಕಲೆ ಬಿದ್ದು ಅರ್ಧ ಮಾತ್ರ ಕಾಣುವ ಒಂದು ಗುಂಪು. ಬಾವಿಯ ಕಟ್ಟೆ, ಬರೀ ಬಾವಿಯ ಕಟ್ಟೆ, ಯಾಕೆ ತೆಗೆದರೋ ತಿಳಿಯದು. ಐದನೆಯದರಲ್ಲಿ ಅಜ್ಜಿ, ಆಗಿನ್ನೂ ಅಜ್ಜಿಯಲ್ಲ, ಅಂಗಳದಲ್ಲಿ ಮೊರ ಹಿಡಿದು ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಇಂಥ ಸರಳ ಕ್ಯಾಮೆರಾ ಕೊಂಡವರಿಗೆಲ್ಲ ಆಗ ಕೊಡುತ್ತಿದ್ದ ಸೂಚನೆ ಒಂದೇ: ಸೂರ್ಯ ನಿಮ್ಮ ಬೆನ್ನಿಗಿರಲಿ. ಯಜಮಾನರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಸಂಜೆಯ ಬಿಸಿಲಿರಬೇಕು, ಅಂಗಳದ ಮೇಲೆ ಅವರ ನೆರಳು ಅಜ್ಜಿಯ ಪಾದದವರೆಗೆ ಬಿದ್ದಿದೆ. ಎರಡು ಮೊಣಕೈ ಮೇಲೆತ್ತಿದ, ತಲೆಗೆ ಟೋಪಿ ಇಟ್ಟ ನೆರಳು.

ಅಜ್ಜಿ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ತನ್ನ ಮುಖವನ್ನು ನೋಡಲೇ ಇಲ್ಲ. ನೆರಳಿನ ಮೇಲೆ ಬೆರಳಿಟ್ಟು ಟೋಪಿ ಎಲ್ಲಿ ಕೊಂಡದ್ದು ಎಂದು ಹೇಳತೊಡಗಿದರು.

ಮನೆಯ ಮೊಮ್ಮಗನೊಬ್ಬ ಗುರುತಿನ ಚೀಟಿಯ ಫೋಟೋ ಹಾಕಿ ಮೊಬೈಲ್ ಆ್ಯಪಿನಲ್ಲಿ ತಾತನನ್ನು ಅಜ್ಜಿಯ ಪಕ್ಕದಲ್ಲೇ ನಿಲ್ಲಿಸಬಹುದು, ಬಣ್ಣವೂ ಬರುತ್ತದೆ ಎಂದ. ಪ್ರೀತಿಯಿಂದಲೇ ಹೇಳಿದ. ನಮ್ಮ ಅಭಿಪ್ರಾಯ ಕೇಳಿದಾಗ ಬೇಡ ಎಂದೆವು. ಆ್ಯಪ್ ಕೊಡುವುದು ಅವರ ನಗುವಲ್ಲ, ಸಾವಿರ ಜನರ ನಗುವಿನ ಸರಾಸರಿ. ಇಲ್ಲಿ ನೆಲದ ಮೇಲೆ ಬಿದ್ದಿರುವುದು ಆ ಸಂಜೆ ಅವರು ತಡೆದ ಬಿಸಿಲು. ಇದನ್ನು ಒಪ್ಪದವರು ನಿಮ್ಮಲ್ಲೂ ಇರಬಹುದು, ನಮ್ಮ ಐವರಲ್ಲೇ ಒಬ್ಬ ಪೂರ್ತಿ ಒಪ್ಪಿಲ್ಲ. ಅಜ್ಜಿಯ ತೀರ್ಮಾನ ಸರಳವಾಗಿತ್ತು: ‘ಅವರು ಫೋಟೋದಾಗ ನಿಲ್ಲಾಕ ಒಲ್ಲೆ ಅಂತಿದ್ರು. ಈಗ್ಯಾಕ ನಿಲ್ಲಸ್ತೀರಿ?’

ಕ್ಯಾಮೆರಾದ ಶಟರ್ ತೊಳೆದು ಕೊಟ್ಟಿದ್ದೇವೆ. 120 ರೋಲು ಈಗಲೂ ಸಿಗುತ್ತದೆ, ಅಗ್ಗವಲ್ಲ. ಮೊಮ್ಮಗನಿಗೆ ಒಂದು ಹಾಕಿಕೊಟ್ಟು, ಕೆಂಪು ಕಿಟಕಿಯ ಮೇಲೆ ಕಪ್ಪು ಟೇಪ್ ಹಚ್ಚಿ, ಸುತ್ತುವಾಗ ಮಾತ್ರ ನೆರಳಿನಲ್ಲಿ ತೆರೆದು ನೋಡಲು ಹೇಳಿದ್ದೇವೆ.

ನಾವು ಹೊರಡುವಾಗ ಪಕ್ಕದ ಮನೆಯವರು ಇನ್ನೊಂದು ಕ್ಯಾಮೆರಾ ತಂದರು. ಇದು 35 ಎಂಎಂದು, ಕೆಂಪು ಕಿಟಕಿ ಇಲ್ಲ, ಅಂಕಿ ತೋರಿಸುವ ಮುಳ್ಳು ಮುರಿದಿದೆ. ಒಳಗೆ ಫಿಲ್ಮ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಕೇಳಿದರು. ಎಡಬದಿಯ ಮೇಲೆ ಫಿಲ್ಮನ್ನು ಮರಳಿ ಸುತ್ತುವ ಗುಬುಟು ಇರುತ್ತದೆ. ಅದನ್ನು ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಬೇಕು, ಒತ್ತಾಯ ಮಾಡಬಾರದು. ಖಾಲಿ ಇದ್ದರೆ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಫಿಲ್ಮ್ ಇದ್ದರೆ ಸ್ವಲ್ಪ ತಿರುಗಿ, ಸಡಿಲು ಮುಗಿದು, ಬಿಗಿಯುತ್ತದೆ. ನಮ್ಮ ಡಿಪ್ಲೊಮಾ ಹುಡುಗ ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದ. ಕಾಲು ಸುತ್ತಿಗೆ ಬಿಗಿಯಿತು.